ಬಿಸಿಲ ಸಾಲಿನ ಕಂಬ

ಬೆಳಕು ಇನ್ನೂ ಸೂರಿನಡಿಯ ಕಿಟಕಿಗಳಲ್ಲಷ್ಟೇ ಇದೆ. ನಗರ ಗ್ರಂಥಾಲಯದ ದೊಡ್ಡ ಓದುಕೋಣೆಯಲ್ಲಿ ಒಬ್ಬ ಹೆಂಗಸು ಕುಕ್ಕುರುಗಾಲಲ್ಲಿ ಕೂತು, ಒದ್ದೆ ಮರಳು ಮೆತ್ತಿದ ಗೋಣಿಯ ತುಂಡಿನಿಂದ ಕಂಬವೊಂದನ್ನು ಉಜ್ಜುತ್ತಿದ್ದಾರೆ. ತಾವೇ ತಂದ ಹೊಳಪನ್ನು ತಾವೇ ತೆಗೆಯುತ್ತಿದ್ದಾರೆ.

"ಸಿಂಗಾರ ಮಾಡಿದ ಕೈಯಲ್ಲೇ ಮದುಮಗಳ ಮುಖ ತೊಳೆದ ಹಾಗಿದೆ" ಎನ್ನುತ್ತಾರೆ.

ಎಲ್ಲರಿಗೂ ಅವರು ಗಾರೆಯಕ್ಕ. ಸುಣ್ಣದ ಗಾರೆ ಬಳಿದು, ನುಣುಪುಗಲ್ಲಿನಿಂದ ತಿಕ್ಕಿ ಮೆರುಗು ಕೊಡುವ ವಿದ್ಯೆ ಅತ್ತೆಯಿಂದ ಬಂದದ್ದು. ಅದೇ ಅತ್ತೆ ಮೈದುನನ ಹೆಂಡತಿಗೂ ಅದನ್ನು ಕಲಿಸಿದರು. ಕಷ್ಟ ಶುರುವಾದದ್ದು ಅಲ್ಲಿಂದಲೇ.

ಈ ಕಟ್ಟಡ ಮೊದಲು ಧಾನ್ಯದ ಉಗ್ರಾಣ. ಚೀಲಗಳಿಗೆ ಶೆಕೆ ತಟ್ಟದಿರಲೆಂದು ಗೋಡೆಗಳನ್ನು ದಪ್ಪವಾಗಿ ಎಬ್ಬಿಸಿದರು. ಆಮೇಲೆ ಪುಸ್ತಕಗಳು ಬಂದವು, ನಡುವೆ ಗುಮ್ಮಟ ಎದ್ದಿತು. ಓದುವವರಿಗೆ ಬೆಳಕು ಬೇಕು, ಆದರೆ ಅದು ಕಣ್ಣು ಕುಕ್ಕಬಾರದು. ಅದಕ್ಕೇ ನೆರಳಿನ ಸಾಲಿನ ಕಂಬಗಳನ್ನು ಕನ್ನಡಿಯಂತೆ ತಿಕ್ಕಿದರು. ಬಿಸಿಲು ಬೀಳುವ ಸಾಲನ್ನು ಮಂಕಾಗಿಯೇ ಬಿಟ್ಟರು. ಅತ್ತೆ ಕೆಲಸ ಹಂಚಿದಾಗ ಹೊಳೆಯುವ ಸಾಲು ವಾರಗಿತ್ತಿಗೆ ಹೋಯಿತು, ಮಂಕು ಸಾಲು ಗಾರೆಯಕ್ಕನಿಗೆ ಬಂತು.

"ಅವಳ ಕಂಬದ ಮುಂದೆ ನಿಂತು ಜನ ತಲೆ ಬಾಚ್ಕೊಳ್ತಾರೆ, ಫೋಟೊ ತೆಗೀತಾರೆ. ನನ್ನ ಕಂಬಕ್ಕೆ ಕೊಡೆ ಒರಗಿಸಿ ಹೋಗ್ತಾರೆ. ಹೊಟ್ಟೆ ಉರಿಯಲ್ವಾ, ನೀವೇ ಹೇಳಿ?"

ಉರಿಯಿತು. ಕಳೆದ ತಿಂಗಳ ದುರಸ್ತಿಯಲ್ಲಿ ತಮ್ಮ ಸಾಲಿನ ಈ ಕಂಬವನ್ನು ಅವರು ತಿಕ್ಕಿದ್ದೇ ತಿಕ್ಕಿದ್ದು. ಗಾರೆ ಒಣಗಿ ಬಿಸಿಲು ಬಿದ್ದದ್ದೇ ತಡ, ಎದುರು ಮೇಜಿನವರು ಪತ್ರಿಕೆಯನ್ನೇ ತಲೆಗೆ ಮುಸುಕಾಗಿ ಹಾಕಿಕೊಂಡರು. ಗ್ರಂಥಪಾಲಕಿ ಖಡಾಖಂಡಿತವಾಗಿ ಹೇಳಿದರು: ಹೊಳಪು ಹೋಗದಿದ್ದರೆ ಗುಮ್ಮಟದ ಒಳಮೈ ಕೆಲಸವೆಲ್ಲ ವಾರಗಿತ್ತಿಗೆ. ಗುಮ್ಮಟಕ್ಕೆ ಕೈಯಿಡುವ ಯೋಗ ಒಬ್ಬರ ಆಯುಷ್ಯದಲ್ಲಿ ಒಮ್ಮೆ ಬಂದರೆ ಹೆಚ್ಚು.

ಇಂದು ಪರೀಕ್ಷೆ. ವಾರಗಿತ್ತಿ ಸೆರಗು ಸಿಕ್ಕಿಸಿಕೊಂಡು ಬರುತ್ತಾರೆ.

"ಸ್ವಲ್ಪ ಸರಿ ಅಕ್ಕಾ, ನಾನೂ ಉಜ್ತೀನಿ."

"ನಿನ್ನ ಕೈ ಬಿದ್ರೆ ಇನ್ನೂ ಹೊಳೆಯುತ್ತೆ. ಆ ಕಡೆ ಹೋಗೇ."

"ಇಷ್ಟು ಹೊಳಪು ನನ್ನ ಕೈಲೂ ಯಾವತ್ತೂ ಬಂದಿಲ್ಲ, ಬಿಡು."

ಉಜ್ಜುವ ಕೈ ನಿಲ್ಲುತ್ತದೆ. "ಅದನ್ನ ಅವತ್ತೇ ಹೇಳೋಕೆ ಏನಾಗಿತ್ತೇ ನಿನಗೆ?"

"ಅವತ್ತು ನನಗೂ ಉರೀತಿತ್ತಲ್ಲ!"

ಗ್ರಂಥಪಾಲಕಿ ಬಂದು ಎದುರಿನ ಕುರ್ಚಿಯಲ್ಲಿ ಕೂತು ಪುಸ್ತಕ ತೆರೆಯುತ್ತಾರೆ. ಬಿಸಿಲು ಕಿಟಕಿಯಿಂದ ಇಳಿದು ಕಂಬವನ್ನು ಮುಟ್ಟುತ್ತದೆ. ಕಂಬ ಅದನ್ನು ಪ್ರಸಾದದಂತೆ ಸದ್ದಿಲ್ಲದೆ ತೆಗೆದುಕೊಳ್ಳುತ್ತದೆ. ಗ್ರಂಥಪಾಲಕಿ ಒಂದು ಪುಟ ಮಗುಚುತ್ತಾರೆ, ಇನ್ನೊಂದನ್ನೂ. ತಲೆ ಎತ್ತುವುದೇ ಇಲ್ಲ. ನಿಜಕ್ಕೂ ಓದಿನಲ್ಲಿ ಮುಳುಗಿದ್ದಾರೆ.

"ಇಬ್ಬರೂ ಒಂದೊಂದು ಕಡೆಯಿಂದ ಗುಮ್ಮಟ ಶುರು ಮಾಡಿ" ಎನ್ನುತ್ತಾರೆ ಕೊನೆಗೆ.

ವಾರಗಿತ್ತಿ ಅಟ್ಟಣಿಗೆಯ ಹಗ್ಗ ತರಲು ಹೋದ ಮೇಲೆ, ಗಾರೆಯಕ್ಕ ಗುಮ್ಮಟವನ್ನು ನೋಡುತ್ತ ತಮ್ಮ ಆಸೆ ಹೇಳುತ್ತಾರೆ:

"ಇಬ್ಬರ ಗಾರೆ ಸೇರೋ ಜಾಗ ಯಾರಿಗೂ ಕಾಣಬಾರದು, ದೇವರು ಅಷ್ಟು ನಡೆಸಿಕೊಟ್ರೆ ಸಾಕು. ಅಕಸ್ಮಾತ್ ಕಂಡ್ರೆ ಮಾತ್ರ, ನನ್ನದು ಯಾವ ಕಡೆ ಅಂತ ಯಾರೂ ಕೇಳ್ಬೇಕಾಗ್ಬಾರದು, ಹೊಳಪಲ್ಲೇ ಗೊತ್ತಾಗ್ಬೇಕು ನೋಡಿ."