ಬಾಚಿಯ ಚೀಲದಲ್ಲಿ ಇಲ್ಲದ ಗುಳ್ಳೆ

ಟೊಲೀಡೊ ನಗರದ ನಮ್ಮ ಮೀನುಸಾಕಣೆ ಸಂಘವು ತನ್ನ ಐವತ್ತನೆಯ ವರ್ಷಕ್ಕೆ ಹೊರತಂದ ಸ್ಮರಣ ಸಂಚಿಕೆಯ ಹದಿನಾಲ್ಕನೆಯ ಪುಟದಲ್ಲಿ ಇರ್ಮಾ ಬಾಲೊಗ್ ಅವರ ಬಗ್ಗೆ ಒಂದೇ ವಾಕ್ಯವಿದೆ: "2005ರಲ್ಲಿ ಅದೃಷ್ಟವಶಾತ್ ಡೈನೊಸಾರ್ ಈಲ್‌ಗಳ ಮರಿ ಮಾಡಿಸಿದ ದಿವಂಗತ ಇರ್ಮಾ ಬಾಲೊಗ್." ಈ ಒಂದು ವಾಕ್ಯದಲ್ಲಿ ಮೂರು ತಪ್ಪುಗಳಿವೆ. ಸರಿಯಾಗಿರುವುದು ಅವರ ಹೆಸರು, ಮತ್ತು ಅವರು ಈಗ ಇಲ್ಲವೆಂಬುದು. ಇಪ್ಪತ್ತೆರಡು ವರ್ಷ ಸಂಘದ ಕಾರ್ಯದರ್ಶಿಯಾಗಿ ದಾಖಲೆಗಳನ್ನು ಇಟ್ಟವನು ನಾನು. ಅಚ್ಚಿಗೆ ಹೋಗುವ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಅವು ಡೈನೊಸಾರ್‌ಗಳಲ್ಲ, ಈಲ್‌ಗಳೂ ಅಲ್ಲ. ಅಂಗಡಿಯವರು ಮಾರಾಟಕ್ಕಾಗಿ ಅಂಟಿಸಿದ ಹೆಸರು ಅದು. ಮೀನಿನ ನಿಜವಾದ ಹೆಸರು ಬಿಚಿರ್. ಮೈ ಹಾವಿನಂತೆ ಉದ್ದ, ಹುರುಪೆ ಕವಚದಂತೆ ಗಟ್ಟಿ, ಬೆನ್ನಿನ ಮೇಲೆ ಸಾಲಾಗಿ ನೆಟ್ಟ ಪುಟ್ಟ ಬಾವುಟಗಳಂತಹ ರೆಕ್ಕೆಗಳು. ಮುಂದಿನ ಎರಡು ರೆಕ್ಕೆಗಳನ್ನು ಮೊಣಕೈಯಂತೆ ಊರಿ ಅದು ತೊಟ್ಟಿಯ ತಳದಲ್ಲಿ ಕುಳಿತಿರುತ್ತದೆ. ಕಿವಿರು ಇದ್ದರೂ ಅದಕ್ಕೆ ಶ್ವಾಸಕೋಶವೂ ಇದೆ. ಆಗಾಗ ಮೇಲೆ ಬಂದು ಗಾಳಿ ತೆಗೆದುಕೊಳ್ಳಲೇಬೇಕು. ಮುಂದಿನ ಸಂಗತಿಗಳೆಲ್ಲ ನಿಂತಿರುವುದು ಈ ಕೊನೆಯ ಮಾತಿನ ಮೇಲೆ.

ಇರ್ಮಾ ಮೂವತ್ತೊಂದು ವರ್ಷ ಗಾಜಿನ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಮಾಡಿದವರು. ಕಣ್ಣೆದುರು ಹಾಯ್ದುಹೋಗುವ ಗಾಜಿನ ಹಾಳೆಯಲ್ಲಿ ಗುಳ್ಳೆ ಕಂಡರೆ ಮೇಣದ ಬಳಪದಿಂದ ಸುತ್ತು ಹಾಕಿ "ರಿಜೆಕ್ಟ್" ಎನ್ನುವುದು ಆ ಕೆಲಸ. ಸಾಸಿವೆಯಷ್ಟು ಚಿಕ್ಕ ಗುಳ್ಳೆಯೂ ಅವರ ಕಣ್ಣು ತಪ್ಪಿಸುತ್ತಿರಲಿಲ್ಲ. 1994ರಲ್ಲಿ ನಿವೃತ್ತರಾದ ಮೇಲೆ ನೋಡಲು ಏನೂ ಇಲ್ಲದೆ ಕಣ್ಣು ನೋಯತೊಡಗಿತು ಎಂದು ಅವರೇ ಹೇಳುತ್ತಿದ್ದರು. ಎರಡು ವರ್ಷಗಳ ನಂತರ ತೋರುಬೆರಳಿನಷ್ಟು ಉದ್ದದ ಎರಡು ಬಿಚಿರ್‌ಗಳನ್ನು ತಂದು, ಮನೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದ ತೊಟ್ಟಿಗೆ ಬಿಟ್ಟರು. ಗಂಡಿಗೆ ಬಾಚಿ ಎಂದು ಹೆಸರಿಟ್ಟರು. ಅವರ ಮನೆಯ ಹಂಗೇರಿಯನ್ ಮಾತಿನಲ್ಲಿ ಹಾಗೆಂದರೆ ಮಾವ. ಹೆಣ್ಣಿಗೆ ನೇನಿ, ಅಂದರೆ ಅತ್ತೆ.

ಅವರು ಮೀನುಗಳನ್ನು ಸಾಕಿದರು ಎನ್ನುವುದಕ್ಕಿಂತ ನೋಡಿದರು ಎಂದರೆ ಹೆಚ್ಚು ನಿಖರ. ಒಮ್ಮೆ ಭಾನುವಾರ ಮಧ್ಯಾಹ್ನ ನಾನು ಹೋದಾಗ ಅವರು ತೊಟ್ಟಿಯೆದುರು ಕೈಗಡಿಯಾರ ಹಿಡಿದು ಕುಳಿತಿದ್ದರು.

"ಶ್! ಕುರ್ಚಿ ಎಳೀಬೇಡಿ ಎಮೆಟ್. ಕೂತ್ಕೊಳ್ಳೋದಾದ್ರೆ ಸುಮ್ನೆ ಕೂತ್ಕೊಳ್ಳಿ. ಇಲ್ದಿದ್ರೆ ಮೇಲೆ ಹೋಗಿ, ಗಸಗಸೆ ಸುರುಳಿ ಮಾಡಿಟ್ಟಿದ್ದೀನಿ, ತಿನ್ನಿ."

"ಏನನ್ನ ಲೆಕ್ಕ ಹಾಕ್ತಿದ್ದೀರಿ?"

"ಉಸಿರು. ಈಗ ನೀವು ಬಂದ್ರಲ್ಲ, ಇನ್ನು ನೋಡಿ, ಬಾಯಿಂದ ಗಬಕ್ಕಂತ ಗಾಳಿ ತಗೊಂಡು ಓಡ್ತಾನೆ. ಯಾರೂ ಇಲ್ದಿದ್ರೆ ಹಾಗಲ್ಲ. ನೆತ್ತಿ ಮೇಲೆ ಎರಡು ತೂತಿದೆ, ಅಲ್ಲಿಂದ ತಗೋತಾನೆ. ನೆತ್ತಿ ಅಷ್ಟೇ ನೀರಿಂದ ಹೊರಗೆ ಬರುತ್ತೆ."

"ಯಾರೂ ಇಲ್ದಿದ್ರೆ ನೀವು ಹೇಗ್ರೀ ನೋಡಿದ್ರಿ?"

"ಹೋಗ್ರೀ! ನಾನೇನು ಇವನಿಗೆ ಯಾರೋ ಒಬ್ಬಳಾ?"

ನೆತ್ತಿಯ ತೂತಿನ ಮಾತನ್ನು ನಾನು ನಂಬಲಿಲ್ಲ. ಮೀನಿನ ಶ್ವಾಸವನ್ನು ಅಳೆದ ವಿದ್ವಾಂಸರು ಅದನ್ನೇ ಬರೆದುದನ್ನು ಎಷ್ಟೋ ವರ್ಷಗಳ ನಂತರ ಓದಿದೆ. ಆ ಹೊತ್ತಿಗೆ ಇರ್ಮಾ ಹೀಗೆ ನೋಡಿದ್ದನ್ನೆಲ್ಲ ದಿನಾಂಕ ಹಾಕಿ ಬರೆದಿಟ್ಟ ನೋಟುಪುಸ್ತಕಗಳು ಹನ್ನೊಂದಾಗಿದ್ದವು.

ಮರಿ ಮಾಡಿಸಬೇಕೆಂಬ ಹಟ ಹುಟ್ಟಿದ್ದು ಸಂಘದ ಒಂದು ಸಭೆಯಲ್ಲಿ. ನಮ್ಮಲ್ಲಿ ಯಾವುದೇ ಮೀನನ್ನು ಮರಿ ಮಾಡಿಸಿದವರ ಹೆಸರನ್ನು ದಾಖಲೆ ಪುಸ್ತಕದಲ್ಲಿ ಬರೆಯುತ್ತೇವೆ. ಅದಕ್ಕೆ ಮರಿಗಳು ಅರವತ್ತು ದಿನ ಬದುಕಿರಬೇಕು, ಆರು ಮರಿಗಳನ್ನು ಎರಡನೆಯ ಭಾನುವಾರದ ಹರಾಜಿಗೆ ತರಬೇಕು, ಕಾರ್ಯದರ್ಶಿ ನೋಡಿ ಸಾಕ್ಷಿ ಹಾಕಬೇಕು. ಬಿಚಿರ್‌ನ ಸಾಲು ಖಾಲಿಯಿತ್ತು. ಅಧ್ಯಕ್ಷ ಡ್ವೇನ್ ಪ್ರಿಚರ್ಡ್, ಗಪ್ಪಿ ಎಂಬ ಪುಟ್ಟ ಮೀನು ಸಾಕುವವನು, ಎಲ್ಲರೆದುರು ನಕ್ಕಿದ್ದ: "ಇರ್ಮಾ, ಗಪ್ಪಿ ಸಾಕಿ. ನೀರು ತೋರಿಸಿದ್ರೆ ಸಾಕು, ಮರಿ ಹಾಕ್ತವೆ. ಆ ಕೊರಡುಗಳು ನಿಮ್ಮ ಜೀವಮಾನದಲ್ಲಿ ಹಾಕಲ್ಲ." ಇರ್ಮಾ ಆ ಖಾಲಿ ಸಾಲನ್ನು ಬೆರಳಿನಿಂದ ಒಮ್ಮೆ ಸವರಿ ಹೋದರು.

ಮೊಟ್ಟೆ ಅಂಟಿಕೊಳ್ಳಲು ನಾವು ನೂಲಿನ ಗೊಂಡೆಗಳನ್ನು ಕಟ್ಟಿ ತೊಟ್ಟಿಯಲ್ಲಿ ಇಳಿಬಿಡುತ್ತೇವೆ. ಇರ್ಮಾ ಮೊದಲ ಗೊಂಡೆಯನ್ನು ಹಳೆಯ ಸ್ವೆಟರಿನ ಅಸಲಿ ಉಣ್ಣೆಯಿಂದ ಕಟ್ಟಿದರು; ಎರಡು ವಾರದಲ್ಲಿ ಅದು ಕೊಳೆತು ನಾರಿತು. "ಉಣ್ಣೆ ಬೇಡ" ಎಂದು ಪುಸ್ತಕದಲ್ಲಿ ಬರೆದು ಕೃತಕ ನೂಲಿನಿಂದ ಇನ್ನೊಂದು ಕಟ್ಟಿದರು. 2001ರಲ್ಲಿ ಮೊಟ್ಟೆ ಬಿತ್ತು; ತಂದೆತಾಯಿಗಳೇ ತಿಂದುಬಿಟ್ಟವು. ಮರುವರ್ಷದ ಮೊಟ್ಟೆಗಳಿಗೆ ಬೂಷ್ಟು ಹಿಡಿಯಿತು. ಆಗ ಅವರು ಪುಸ್ತಕಗಳನ್ನು ಹಿಂದಕ್ಕೆ ತಿರುವಿ ಒಂದು ಸಂಗತಿ ಕಂಡುಕೊಂಡರು: ಎರಡು ಬಾರಿಯೂ ಮೊಟ್ಟೆ ಬಿದ್ದದ್ದು ಹಿತ್ತಲ ಪೀಪಾಯಿಯ ಮಳೆನೀರನ್ನು ತೊಟ್ಟಿಗೆ ಸುರಿದ ಎರಡನೆಯ ದಿನ. 2003ರ ಆಗಸ್ಟಿನಲ್ಲಿ ಗುಡುಗಿನ ಮಳೆ ಬಿದ್ದ ಮೇಲೆ ಅವರು ಬೇಕೆಂದೇ ತೊಟ್ಟಿಯ ಅರ್ಧ ನೀರು ತೆಗೆದು ಮಳೆನೀರು ತುಂಬಿದರು. ಐದನೆಯ ತಾರೀಖಿನ ಬೆಳಿಗ್ಗೆ ಗೊಂಡೆಯಲ್ಲಿ ಮೊಟ್ಟೆಗಳಿದ್ದವು. ಕೂಡಲೇ ಗೊಂಡೆಯನ್ನು ಬೇರೆ ತೊಟ್ಟಿಗೆ ಸಾಗಿಸಿದರು. ಒಂಬತ್ತಕ್ಕೆ ಮರಿಗಳು ಹೊರಬಂದವು. ಸ್ಮರಣ ಸಂಚಿಕೆಯವರು ಇದನ್ನು ಅದೃಷ್ಟ ಎನ್ನುತ್ತಾರೆ.

ಅಕ್ಟೋಬರ್ ಹನ್ನೆರಡರ ಭಾನುವಾರ ಮರಿಗಳಿಗೆ ಅರವತ್ತನಾಲ್ಕು ದಿನ. ಅದಕ್ಕೆ ಕೆಲವು ದಿನ ಮೊದಲು ನಾನು ಒಂದು ತಕರಾರು ತೆಗೆದೆ. ಅಂಗಡಿಯ ಚೀಟಿಯಲ್ಲಿ ಒಂದು ಹೆಸರು, ಇರ್ಮಾ ಅವರ ಅರ್ಜಿಯಲ್ಲಿ ಇನ್ನೊಂದು. ಬಿಚಿರ್‌ಗಳಲ್ಲಿ ಹಲವು ಜಾತಿಗಳಿವೆ. ಬೆನ್ನಿನ ಬಾವುಟಗಳನ್ನು ಎಣಿಸದೆ ನಾನು ಸಾಕ್ಷಿ ಹಾಕುವಂತಿರಲಿಲ್ಲ. "ಗಂಡು ಮೀನನ್ನೂ ತನ್ನಿ" ಎಂದು ಫೋನಿನಲ್ಲಿ ಹೇಳಿದೆ.

"ಏಳು ವರ್ಷದಿಂದ ಅವನು ತೊಟ್ಟಿ ಬಿಟ್ಟು ಬಂದಿಲ್ಲ ಎಮೆಟ್. ಅವನಿಗೇನಾದ್ರೂ ಆದ್ರೆ ಈ ಊರಲ್ಲಿ ನನಗೆ ಇನ್ನೊಂದು ಗಂಡು ಸಿಗಲ್ಲ."

"ನಿಯಮ ನಿಯಮವೇ ಇರ್ಮಾ."

"ಆಯ್ತು ಕಾರ್ಯದರ್ಶಿ ಸಾಹೇಬ್ರೇ. ತರ್ತೀನಿ. ಆದ್ರೆ ಅವನು ನಿಮ್ಮ ಜವಾಬ್ದಾರಿ."

ಆ ವರ್ಷ ಸಂಘಕ್ಕೆ ಹೊಸ ಬಗೆಯ ಚೀಲಗಳು ಬಂದಿದ್ದವು. ಅವುಗಳ ತೆಳು ಹಾಳೆಯ ಮೂಲಕವೇ ಗಾಳಿ ಒಳಹೊರಗೆ ಹಾಯುತ್ತದೆ. ಹಾಗಾಗಿ ಒಳಗೆ ಗಾಳಿಗೆ ಜಾಗ ಬಿಡದೆ ಕಂಠಮಟ್ಟ ನೀರು ತುಂಬಿ ಬಿಗಿಯಾಗಿ ಕಟ್ಟಬೇಕು. ಆಗ ನೀರು ತುಳುಕುವುದಿಲ್ಲ, ಮೀನಿಗೂ ಪೆಟ್ಟು ಬೀಳದು. ನಾವು ಅದನ್ನು ಉಸಿರಾಡುವ ಚೀಲ ಎನ್ನುತ್ತಿದ್ದೆವು. ಹರಾಜಿನ ಮೇಜಿಗೆ ಬರುವ ಪ್ರತಿಯೊಂದು ಮೀನೂ ಅದರಲ್ಲೇ ಇರಬೇಕೆಂದು ಸಮಿತಿ ನಿರ್ಣಯಿಸಿತ್ತು. ನಿರ್ಣಯವನ್ನು ಬರೆದವನು ನಾನೇ.

ಹರಾಜಿನ ದಿನ ಇರ್ಮಾ ಬಾಚಿಯನ್ನು ಮುಚ್ಚಳದ ಬಕೆಟ್ಟಿನಲ್ಲಿ, ಅರ್ಧ ನೀರಿನಲ್ಲಿ ತಂದು ಚರ್ಚಿನ ಸಭಾಂಗಣದ ಮೇಜಿನ ಮೇಲಿಟ್ಟು, ಮರಿಗಳ ಪೆಟ್ಟಿಗೆ ತರಲು ಕಾರಿನ ಕಡೆಗೆ ಹೋದರು. ಬಕೆಟ್ಟಿನಲ್ಲಿ ಬಾವುಟ ಎಣಿಸಲಾಗದು. ನಾನು ದೊಡ್ಡದೊಂದು ಹೊಸ ಚೀಲ ತೆಗೆದು, ಬಾಚಿಯನ್ನು ಅದಕ್ಕೆ ಬಿಟ್ಟು, ಅಂಚಿನವರೆಗೆ ನೀರು ತುಂಬಿ, ಒಂದು ಗುಳ್ಳೆಯೂ ಉಳಿಯದಂತೆ ಹಿಂಡಿ, ಕಟ್ಟಿದೆ. ಬಹಳ ಅಚ್ಚುಕಟ್ಟಾಗಿ ಕಟ್ಟಿದೆ.

ಬಾವುಟಗಳನ್ನು ಎಣಿಸಿದೆ: ಒಂಬತ್ತು. ಡ್ವೇನ್ ಎಣಿಸಿದ: ಹತ್ತು. ಇಬ್ಬರೂ ಮತ್ತೆ ಎಣಿಸಿದೆವು. ಬಾಚಿ ಚೀಲದ ಮೇಲ್ಭಾಗಕ್ಕೆ ಮೂತಿ ಒತ್ತಿ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು.

"ನೋಡಿ, ನೋಡಿ, ಎಷ್ಟು ಚುರುಕು!" ಎಂದ ಡ್ವೇನ್. "ಕೊರಡು ಅಂದಿದ್ದೆ, ಕುಣೀತಿದೆ!"

ನಾನು ತಲೆಯಾಡಿಸಿದೆ. ಆ ಕ್ಷಣ ನನ್ನ ಗಮನವೆಲ್ಲ ಬಾಲದ ಹತ್ತಿರದ ಕೊನೆಯ ಬಾವುಟವನ್ನು ಬೇರೆಯಾಗಿ ಎಣಿಸಬೇಕೇ ಎಂಬುದರ ಮೇಲಿತ್ತು. ಈ ಚರ್ಚೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ನಡೆಯಿತು. ಬಾಚಿ ಕುಣಿಯುವುದನ್ನು ನಿಲ್ಲಿಸಿ ಒಂದು ಪಕ್ಕಕ್ಕೆ ವಾಲಿತು. ಸುಸ್ತಾಗಿರಬೇಕು, ಎಣಿಸಲು ಅನುಕೂಲವೇ ಆಯಿತು ಎಂದುಕೊಂಡೆ.

ಬಾಗಿಲಲ್ಲಿ ಯಾರೊಂದಿಗೋ ಮಾತಿಗೆ ಸಿಕ್ಕಿಬಿದ್ದಿದ್ದ ಇರ್ಮಾ ಆಗ ಒಳಗೆ ಬಂದರು. ಮೇಜಿನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತುಬಿಟ್ಟರು. ಅಲ್ಲಿಂದ ಮೀನಿನ ಮುಖ ಕಾಣುವುದು ಸಾಧ್ಯವಿರಲಿಲ್ಲ. ಅವರು ನೋಡಿದ್ದು ಮೀನನ್ನಲ್ಲ, ಚೀಲವನ್ನು.

"ಗುಳ್ಳೆ ಎಲ್ಲಿ?" ಎಂದರು.

"ಹೊಸ ಚೀಲ ಇರ್ಮಾ, ಉಸಿರಾಡೋ ಚೀಲ," ಎಂದೆ ನಾನು. "ಗುಳ್ಳೆ ಬಿಡಬಾರದು ಅಂತ..."

"ಚೀಲ ಉಸಿರಾಡುತ್ತೆ, ಸರಿ. ಅವನೇನ್ ಮಾಡ್ಬೇಕು?"

ಮರಿಗಳ ಪೆಟ್ಟಿಗೆಯನ್ನು ಡ್ವೇನ್‌ನ ಕೈಗೆ ತಳ್ಳಿ, ಚೀಲದ ರಬ್ಬರನ್ನು ಹಲ್ಲಿನಿಂದ ಕಿತ್ತು, ಅರ್ಧ ನೀರನ್ನು ನೆಲಕ್ಕೆ ಚೆಲ್ಲಿದರು. ನೀರು ಬಿದ್ದದ್ದು ಅಧ್ಯಕ್ಷರ ಬೂಟಿನ ಮೇಲೆ. ಇರ್ಮಾ ಚೀಲದೊಳಗೆ ಕೈಯಿಟ್ಟು ಬಾಚಿಯ ಹೊಟ್ಟೆಗೆ ಅಂಗೈ ಕೊಟ್ಟು, ನೆತ್ತಿಯಷ್ಟೇ ನೀರಿನಿಂದ ಹೊರಗೆ ಬರುವಂತೆ ಎತ್ತಿ ಹಿಡಿದರು. ಮೂತಿಯನ್ನಲ್ಲ, ನೆತ್ತಿಯನ್ನು.

ಸಭಾಂಗಣದಲ್ಲಿ ನಲವತ್ತು ಜನರಿದ್ದರು. ಎಷ್ಟು ಹೊತ್ತಾಯಿತೆಂದು ಖಚಿತವಾಗಿ ಬರೆಯಲಾರೆ. ಜೀವನದಲ್ಲಿ ಅದೊಂದು ಬಾರಿ ನಾನು ಗಡಿಯಾರ ನೋಡಲಿಲ್ಲ. ಕೊನೆಗೆ ಬಾಚಿಯ ಕಿವಿರಿನ ಸಂದಿನಿಂದ ಒಂದು ಗುಳ್ಳೆ ಹೊರಬಂತು. ಸಾಸಿವೆಯಷ್ಟು ಚಿಕ್ಕದು. ಆಮೇಲೆ ಇನ್ನೊಂದು. ಆಮೇಲೆ ಮುಂದಿನ ರೆಕ್ಕೆಗಳು ಅವರ ಅಂಗೈಯನ್ನು ಊರಿಕೊಂಡವು.

"ಪಾಸ್," ಎಂದರು ಇರ್ಮಾ. ಮೂವತ್ತೊಂದು ವರ್ಷ ಗುಳ್ಳೆ ಕಂಡಾಗಲೆಲ್ಲ ಅವರು ಇದಕ್ಕೆ ವಿರುದ್ಧವಾದ ಮಾತನ್ನು ಹೇಳಿದ್ದರು.

ಬಾಚಿಯನ್ನು ಬಕೆಟ್ಟಿಗೆ ಬಿಟ್ಟ ಮೇಲೆ ಅವರು ನನ್ನ ಕಡೆ ತಿರುಗಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

"ಅದೆಲ್ಲ ಬೇಡ. ಎಷ್ಟು ಎಣಿಸಿದ್ರಿ?"

"ಒಂಬತ್ತು."

"ಸರಿಯಾಗೇ ಎಣಿಸಿದ್ದೀರಿ. ಹಾಕಿ ಸಾಕ್ಷಿ."

ನಾನು ಸಾಕ್ಷಿ ಹಾಕಿದೆ. ಅರ್ಜಿಯ ಕೊನೆಯಲ್ಲಿ ಷರಾ ಎಂಬ ಒಂದು ಅಂಕಣವಿದೆ. ಸಾಮಾನ್ಯವಾಗಿ ಅದನ್ನು ಯಾರೂ ತುಂಬುವುದಿಲ್ಲ. ಇರ್ಮಾ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಅಲ್ಲಿ ಎರಡು ಸಾಲು ಬರೆದರು. ಮುಂದಿನ ಸಭೆಯಲ್ಲಿ, ಮೇಲೆ ಬಂದು ಉಸಿರಾಡುವ ಮೀನಿನ ಚೀಲದಲ್ಲಿ ಮೂರನೆಯ ಒಂದು ಭಾಗ ಗಾಳಿ ಇರಲೇಬೇಕು ಎಂಬ ತಿದ್ದುಪಡಿಯನ್ನು ನಾನು ಮಂಡಿಸಿದೆ, ಡ್ವೇನ್ ಅನುಮೋದಿಸಿದ. ಅಂದಿನಿಂದ ಇರ್ಮಾ ಹರಾಜಿನ ದಿನ ಮೇಜಿನ ತುದಿಯಲ್ಲಿ ಕುಳಿತು ಅಂತಹ ಪ್ರತಿಯೊಂದು ಚೀಲವನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬಾಚಿ ಅನಂತರ ಎಂಟು ವರ್ಷ ಬದುಕಿತು. ಇರ್ಮಾ ಕಳೆದ ವಸಂತದಲ್ಲಿ ತೀರಿಕೊಂಡರು.

ಆದ್ದರಿಂದ ಸಂಪಾದಕರು ಮುಂದಿನ ಸಂಚಿಕೆಯಲ್ಲಿ ಈ ತಿದ್ದುಪಡಿಯನ್ನು ಪ್ರಕಟಿಸತಕ್ಕದ್ದು: ಮೀನು ಬಿಚಿರ್, ವರ್ಷ 2003, "ಅದೃಷ್ಟವಶಾತ್" ಎಂಬ ಪದವನ್ನು ತೆಗೆಯುವುದು. ಮೂಲ ಅರ್ಜಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಷರಾ ಅಂಕಣವನ್ನು ಅಳಿಸದೆ, ಇದ್ದಂತೆಯೇ ಅಚ್ಚು ಮಾಡಬೇಕೆಂದು ಕೋರುತ್ತೇನೆ. ಅದರಲ್ಲಿ ಇರ್ಮಾ ಅವರ ಅಕ್ಷರದಲ್ಲಿ ಹೀಗಿದೆ:

"ಚೀಲ ಕಟ್ಟಿದವರು: ಎಮೆಟ್.
ಗುಳ್ಳೆ: ಇಲ್ಲ."