ಏಕಾದಶಿಯ ದಿನ ಬಾಗಿಲು ಕೊಯ್ದದ್ದು

ಪುಣೆಯ ಹಡಪಸರದ ನಮ್ಮ ಫ್ಲ್ಯಾಟಿನ ಬಚ್ಚಲ ಬಾಗಿಲಿಗೆ ಮಳೆಗಾಲ ಬಂತೆಂದರೆ ಸೊಕ್ಕು. ನೀರು ಕುಡಿದು ಉಬ್ಬಿ ಚೌಕಟ್ಟನ್ನು ಕಚ್ಚಿಕೊಂಡುಬಿಡುತ್ತದೆ. ಸಾಲದ್ದಕ್ಕೆ ಚಿಲಕ ಬೇರೆ ವಕ್ರ. ಹಾಕಬೇಡಿ, ಹಗಲೆಲ್ಲ ಮನೆಯಲ್ಲಿರುವುದು ನಾವಿಬ್ಬರೇ ಎಂದು ಅತ್ತೆಗೆ ನೂರು ಸಲ ಹೇಳಿದ್ದೆ. ಎಪ್ಪತ್ತೆಂಟು ವರ್ಷದ ಧಾರವಾಡದ ಹೆಂಗಸು, ಸೊಸೆ ಹೇಳಿದಳೆಂದು ಚಿಲಕ ಬಿಡುತ್ತಾರೆಯೇ?

ಅವತ್ತು ಸಂತರ ಪಾದುಕೆ ಹೊತ್ತ ಪಾದಯಾತ್ರೆಯ ಪಾಲಖಿ ಪುಣೆಯಿಂದ ಸಾಸವಡಕ್ಕೆ ಹೊರಡುವ ದಿನ, ಏಕಾದಶಿ. ಪಾಲಖಿ ನಮ್ಮ ಮನೆಯಿಂದ ಹತ್ತು ನಿಮಿಷದ ದೂರದಲ್ಲಿ ಹಾದುಹೋಗುತ್ತದೆ. ಇಪ್ಪತ್ತೆರಡು ವರ್ಷ ಇಲ್ಲಿದ್ದೂ ನಾನು ಒಮ್ಮೆಯೂ ನೋಡಿರಲಿಲ್ಲ. ಏಕಾದಶಿಗೆ ಅತ್ತೆಯದು ನಿಟ್ಟುಪವಾಸ, ಹನಿ ನೀರೂ ಮುಟ್ಟುವುದಿಲ್ಲ. ತಲೆ ತಿರುಗಿ ಬಿದ್ದರೆ ಎಂದು ಯಾರಾದರೊಬ್ಬರು ಮನೆಯಲ್ಲಿರಬೇಕು. ಆ ಒಬ್ಬರು ಯಾವಾಗಲೂ ನಾನೇ. ಗಂಡನ ಕಚೇರಿ ಸಾಸವಡದಲ್ಲಿ. ದಾರಿ ಮುಚ್ಚುತ್ತಾರೆಂದು ಅವರು ಹಿಂದಿನ ದಿನವೇ ಅಲ್ಲಿಗೆ ಹೋಗಿದ್ದರು. ನನಗೆ ರೋಸಿಹೋಗಿತ್ತು. ಅತ್ತೆ ಸ್ನಾನಕ್ಕೆ ಹೋದದ್ದೇ ತಡ, ಅರ್ಧ ಗಂಟೆಯಲ್ಲಿ ನೋಡಿ ಬಂದುಬಿಡೋಣವೆಂದು ಹೇಳದೆ ಕೇಳದೆ ಚಪ್ಪಲಿ ಮೆಟ್ಟಿದೆ. ಆಗಲೇ ಒಳಗಿನಿಂದ ಬಾಗಿಲು ಬಡಿಯುವ ಸದ್ದು.

“ಚಿಲಕಾ ಬರವಲ್ತು!” ಅತ್ತೆಯ ದನಿ. “ಯಾರನ್ನೂ ಕರೀಬ್ಯಾಡ ಮತ್ತ, ಮಡೀಲೆ ಇದ್ದೀನಿ!”

ಕರೆಯಲು ಯಾರಿದ್ದರು? ಅಕ್ಕಪಕ್ಕದವರೆಲ್ಲ ಪಾಲಖಿಯ ಜೊತೆ ನಡೆಯುವ ವಾರಕರಿಗಳಿಗೆ ಚಹಾ ಕೊಡಲು ರಸ್ತೆಗೆ ಇಳಿದಿದ್ದರು. ಬಡಗಿಗೆ ಫೋನ್ ಮಾಡಿದರೆ, ಪಾಲಖಿ ದಾಟುವವರೆಗೆ ರಸ್ತೆ ಬಂದ್, ಸಂಜೆ ಬರುತ್ತೇನೆ ಎಂದ. ಬಾಗಿಲು ಒಳಕ್ಕೆ ತೆರೆಯುವಂಥದ್ದು. ಒದ್ದರೆ ಆಚೆ ನಿಂತ ಮುದುಕಿಯ ಮೇಲೆಯೇ ಬೀಳುತ್ತದೆ. ಗಂಟಲು ಆರಿದರೆ ನಲ್ಲಿ ನೀರನ್ನಾದರೂ ಕುಡಿಯಿರಿ ಎಂದೆ. “ಇವತ್ತು ಏಕಾದಶಿ ಅದ” ಎಂದರು, ನನಗೆ ಗೊತ್ತೇ ಇಲ್ಲವೆಂಬಂತೆ.

ಕಿಂಡಿ ಕೊಯ್ದು ಕೈ ಹಾಕಿದರೆ ಅವರಿಗೆ ಬಗ್ಗದ ಚಿಲಕ ನನಗಾದರೂ ಬಗ್ಗೀತು. ಹೀಗೆ ನನ್ನ ಜಿಗ್‌ಸಾ ಹೊರಗೆ ಬಂತು. ಪುಣೆಯ ಕ್ಯಾಂಪ್ ಪೇಟೆಯ ಹಳೆಯ ಅಂಗಡಿಯೊಂದರಲ್ಲಿ ಕೊಂಡದ್ದು, ಬ್ಯಾಟರಿಯ ಗರಗಸ, ವಯರಿನ ರಗಳೆಯಿಲ್ಲ. ದೇವರ ಮಂಟಪ ಮಾಡುತ್ತೇನೆಂಬ ನೆಪದಲ್ಲಿ ತಂದಿದ್ದೆ. ನಿಜ ಹೇಳಬೇಕೆಂದರೆ ಈ ಮನೆಯಲ್ಲಿ ನನ್ನದು ಅನ್ನುವಂಥದ್ದು ಒಂದಾದರೂ ಇರಲಿ ಎಂದು. “ಬಡಿಗ್ಯಾನ ಕೆಲಸಾ ಹೆಂಗಸರಿಗ್ಯಾಕ?” ಎಂದು ಅತ್ತೆ ಮೂಗು ಮುರಿದಿದ್ದರು. ಅಡ್ಡಪಟ್ಟಿ ಬಿಗಿದು ಅದರ ಗುಂಟ ನೇರ ಕೊಯ್ಯುವುದು, ಸಪೂರ ಬ್ಲೇಡ್ ಹಾಕಿ ಕಮಾನನ್ನು ಒತ್ತದೆ, ಅವಸರ ಮಾಡದೆ ತಿರುಗಿಸುವುದು, ಎಲ್ಲವನ್ನೂ ಬಾಲ್ಕನಿಯಲ್ಲಿ ಕಲಿತೆ. ಹಲಗೆಯ ನಡುವೆ ಕಿಂಡಿ ತೆಗೆಯುವುದು ಮಾತ್ರ ಕಷ್ಟದ್ದು. ಮೊದಲು ಮೂಲೆಗಳಲ್ಲಿ ಡ್ರಿಲ್ಲಿನಿಂದ ತೂತು ಕೊರೆದು, ಬ್ಲೇಡನ್ನು ಅದರೊಳಗೆ ಇಳಿಸಿ, ಗರಗಸದ ತಟ್ಟೆಯನ್ನು ಹಲಗೆಗೆ ಗಟ್ಟಿಯಾಗಿ ಒತ್ತಿ ಹಿಡಿದ ಮೇಲೆಯೇ ಗುಂಡಿ ಒತ್ತಬೇಕು. ಅಂಗಡಿಯ ಮುದುಕ ಮರಾಠಿಯಲ್ಲಿ ಒಂದೇ ಮಾತನ್ನು ಮೂರು ಸಲ ಹೇಳಿದ್ದ: “ಆಧೀ ಮಾಗೇ ಕಾಯ್ ಆಹೇ ತೇ ಬಘಾ.” ಮೊದಲು ಹಿಂದೆ ಏನಿದೆ ನೋಡು. ಬ್ಲೇಡಿನ ತುದಿ ಆಚೆ ಬದಿಗೆ ಎರಡು ಬೆರಳಿನಷ್ಟು ಹೊರಬರುತ್ತದೆ.

ಇಲ್ಲಿ ಹಿಂದೆ ಇದ್ದದ್ದು ಅತ್ತೆ. ಕಿವಿ ಮಂದ, ಗಾಬರಿಯಾದರೆ ಎರಡೂ ಅಂಗೈ ಬಾಗಿಲಿಗೆ ಊರಿ ನಿಲ್ಲುವ ಚಾಳಿ.

ಆಗ ಹೊಳೆಯಿತು. ಮರುದಿನದ ದ್ವಾದಶಿಯ ಮಡಿಗೆಂದು ಅವರು ಒಂಬತ್ತು ಗಜದ ಸೀರೆಯೊಂದನ್ನು ಬಚ್ಚಲಲ್ಲೇ ಒಗೆದು ಹಿಂಡಿ ಇಟ್ಟಿದ್ದರು. “ಅತ್ಯಾರ, ಆ ಸೀರಿ ಒಂದು ತುದಿ ಬಾಗಲಾ ಬುಡಕಿಂದ ಹೊರಗ ತಳ್ರಿ. ಇನ್ನೊಂದು ತುದಿ ಕೈಯಾಗ ಬಿಗಿ ಹಿಡಕೊಂಡು ಆ ಮೂಲಿ ಸ್ಟೂಲಿನ ಮ್ಯಾಲೆ ಕೂಡ್ರಿ. ನಾ ಈ ಕಡೆ ಕಾಲಿಲೆ ತುಳಕೊಂಡಿರ್ತೀನಿ. ನೀವು ಎದ್ರ ನನಗ ಗೊತ್ತಾಗ್ತದ.”

“ನೀ ಮುಟ್ಟಿದ್ರ ಮೈಲಿಗಿ ಆಗ್ತದಲ್ಲ!”

ಇಪ್ಪತ್ತೆರಡು ವರ್ಷದ ಸಿಟ್ಟು ಒಮ್ಮೆಲೇ ನೆತ್ತಿಗೇರಿತು. “ಹಂಗಾರ ಸಂಜೀತನಾ ಅಲ್ಲೇ ಕೂಡ್ರಿ!” ಎಂದು ಕಿರುಚಿದೆ. ಬಾಗಿಲಿನ ಬುಡದ ಸಂದಿಯಿಂದ ಒದ್ದೆ ಸೀರೆಯ ಅಂಚು ಮೆಲ್ಲಗೆ ಹೊರಬಂತು. ನನಗೆ ನಾಚಿಕೆಯಾಯಿತು.

ಬಳೆ ತೆಗೆದಿಟ್ಟೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಕಣ್ಣಿಗೆ ಪ್ಲಾಸ್ಟಿಕ್ಕಿನ ಕನ್ನಡಕ. ಚಿಲಕದ ಪಕ್ಕ ಎದೆಮಟ್ಟದಲ್ಲಿ ಕೈ ತೂರುವಷ್ಟು ಚೌಕ ಗೆರೆ ಎಳೆದು ಮೂಲೆಗಳಲ್ಲಿ ಕೊರೆದೆ. ಡ್ರಿಲ್ಲಿಗೂ ಗರಗಸಕ್ಕೂ ಇದ್ದದ್ದು ಒಂದೇ ಬ್ಯಾಟರಿ. ಒಂದು ಬದಿ ಕೊಯ್ದೆ, ಎರಡು, ಮೂರು. ಕಾಲಡಿಯ ಸೀರೆ ಬಿಗಿಯಾಗಿಯೇ ಇತ್ತು. ಮೂರನೆಯದರ ಕೊನೆಗೆ ಬ್ಯಾಟರಿ ಸತ್ತಿತು. ಬ್ಲೇಡನ್ನು ಹೊರತೆಗೆದು, ಬ್ಯಾಟರಿಯನ್ನು ಚಾರ್ಜಿಗಿಟ್ಟು ಬಾಲ್ಕನಿಗೆ ಬಂದೆ. ದೂರದಿಂದ ತಾಳ ಮೃದಂಗದ ಸದ್ದು ಬರುತ್ತಿತ್ತು. ನಾಲ್ಕನೆಯ ಮಹಡಿಯಿಂದ ಕಾಣುವುದು ಎದುರಿನ ಕಟ್ಟಡದ ನೀರಿನ ಟಾಕಿ ಮಾತ್ರ. ಆದರೂ ಕಂಬಿ ಹಿಡಿದು ನಿಂತೆ. ಎಷ್ಟು ಹೊತ್ತೋ ತಿಳಿಯದು. ಅತ್ತೆಗೆ ಒಂದು ಮಾತೂ ಹೇಳಿ ಬಂದಿರಲಿಲ್ಲ.

ತಿರುಗಿ ಬಂದು ಬ್ಯಾಟರಿ ಕೂರಿಸಿ, ಬ್ಲೇಡನ್ನು ತೂತಿನಲ್ಲಿ ಇಳಿಸಿ, ಬೆರಳನ್ನು ಗುಂಡಿಯ ಮೇಲಿಟ್ಟೆ. ಅಭ್ಯಾಸಬಲದಿಂದ ಕಾಲು ಸೀರೆಯನ್ನು ಹುಡುಕಿ ಎಳೆಯಿತು. ಸೀರೆ ಸಡಿಲವಾಗಿ, ಮೊಳದುದ್ದ ನನ್ನ ಕಡೆಗೆ ಬಂತು.

ಬೆರಳು ತೆಗೆದೆ. ಬ್ಲೇಡನ್ನು ಮೆಲ್ಲಗೆ ಹೊರಕ್ಕೆ ಎಳೆದು ಗರಗಸವನ್ನು ನೆಲಕ್ಕಿಟ್ಟೆ. “ಅತ್ಯಾರ, ಎಲ್ಲಿದ್ದೀರಿ?”

ದನಿ ಬಾಗಿಲಿಗೆ ಅಂಟಿಕೊಂಡೇ ಬಂತು, ನನ್ನ ಮುಖದೆದುರಿಗೆ. “ಸಪ್ಪಳ ನಿಂತಿತು. ಕರದೆ, ನೀ ಓ ಅನಲಿಲ್ಲ. ಪಾಲಖಿ ನೋಡ್ಲಿಕ್ಕೆ ಹೋದಿ ಅಂತ ತಿಳದೆ.”

ನಾನು ಪಾಲಖಿಯ ಸುದ್ದಿಯನ್ನೇ ಎತ್ತಿರಲಿಲ್ಲ. ನನ್ನ ಆಸೆ ಇಷ್ಟು ವರ್ಷ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಒಮ್ಮೆಯೂ ಹೋಗಿ ಬಾ ಎನ್ನಲಿಲ್ಲ. ಸಿಟ್ಟು ಬರಬೇಕಿತ್ತು, ಬಂದದ್ದು ಅಳು.

“ಹೋಗಿಲ್ರಿ. ಇಲ್ಲೇ ಇದ್ದೀನಿ. ಹಿಂದ ಹೋಗಿ ಕೂಡ್ರಿ.”

ಸೀರೆ ಬಿಗಿಯಾಯಿತು. ನಾಲ್ಕನೆಯ ಬದಿ ಕೊಯ್ದೆ. ತುಂಡು ಒಳಗೆ ಬಿತ್ತು. ಬ್ಲೇಡು ಪೂರ್ತಿ ನಿಲ್ಲುವ ತನಕ ಕಾದು, ಬ್ಯಾಟರಿ ಕಳಚಿಟ್ಟು, ಕಿಂಡಿಯಲ್ಲಿ ಕೈ ತೂರಿಸಿ ಚಿಲಕಕ್ಕೆ ತಡಕಾಡಿದೆ. ಸಿಕ್ಕಿದ್ದು ಚಿಲಕವಲ್ಲ. ಮಡಿಯಲ್ಲಿದ್ದಾಗ ನನ್ನ ನೆರಳೂ ತಾಗದಂತೆ ಗೋಡೆಗೆ ಸರಿದು ನಡೆಯುತ್ತಿದ್ದ ಅತ್ತೆ ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದಿದ್ದರು.

“ಕೈ ಬಿಡ್ರಿ ಅತ್ಯಾರ, ಚಿಲಕಾ ತಗೀಬೇಕು” ಎಂದೆ.

ಅವರು ಬಿಡಲಿಲ್ಲ.