ಸೀಮೆ ಕಟ್ಟಿದ ಮಂಗಳವಾರ

ಪಂಚಾಯಿತಿಯವರು ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನ ನನಗೆ ಚಹಾ ಸೇರುವುದಿಲ್ಲ. ಮನೆಯವರೆಲ್ಲ ಸುಮ್ಮನೆ ಕುಡಿಯುತ್ತಾರೆ, ನಾನೊಬ್ಬಳೇ ಮೂಗು ಮುರಿಯುತ್ತೇನೆ. ನಖರಾ ಎಂದು ನೀವೂ ನಗಬಹುದು, ನಗಿರಿ. ಆ ವಾಸನೆ ಬಂದರೆ ನನಗೆ ಅಕ್ಕ ನೆನಪಾಗುತ್ತಾಳೆ.

ಎಂಬತ್ತರ ದಶಕದ ಒಂದು ಜೂನ್, ಮಳೆ ಇನ್ನೂ ಹಿಡಿದಿರಲಿಲ್ಲ. ಶಲವಡಿ ಕಡೆಯ ನಮ್ಮ ಹಳ್ಳಿಗೆ ವಾಂತಿಭೇದಿ ಬಂದಿತ್ತು. ಓದಿನಲ್ಲಿ ಚುರುಕಾಗಿದ್ದ ಅಕ್ಕ ಗಿರಿಜೆಗೆ ಆಗಲೇ ಮಹಾರಾಷ್ಟ್ರದ ಬೆಟ್ಟದ ಮೇಲಿನ ವಸತಿ ಶಾಲೆಯೊಂದರಲ್ಲಿ ಜಾಗ ಸಿಕ್ಕಿತು. ಅಣ್ಣಿಗೇರಿಯಾಚೆ ಕಾಣದ ನಮಗೆ ಅದು ವಿದೇಶವೇ. ಕರೆದೊಯ್ಯಲು ಸೋದರಮಾವ ಬಂದು ಕೂತಿದ್ದ.

ಬೇನೆ ಬಂದರೆ ಸೀಮೆ ಕಟ್ಟುವುದು ನಮ್ಮೂರಿನ ಪದ್ಧತಿ. ಊರ ಗಡಿಗೆ ಬೇವಿನ ತೋರಣ ಕಟ್ಟಿ ಗ್ರಾಮದೇವತೆ ದ್ಯಾಮವ್ವನ ವ್ರತದ ವಾರ ಹಿಡಿದರೆಂದರೆ, ವಾರಗಳು ಮುಗಿಯುವ ತನಕ ಯಾರೂ ಒಳಗೆ ಬರುವಂತಿಲ್ಲ, ಹೊರಗೆ ಹೋಗುವಂತಿಲ್ಲ. ಮಂಗಳವಾರ ಕಟ್ಟುವುದೆಂದು ಡಂಗುರ ಹೊಡೆದಾಗಿತ್ತು. ಅಂದು ಸೋಮವಾರ.

“ಇವತ್ತ ಕಳಸೂಣು. ಅಲ್ಲಿ ಹೋದ್ರ ಜೀವರೆ ಉಳೀತೈತಿ,” ಎಂದ ಅಪ್ಪ.

“ಪರಊರಾಗ ಜಡ್ಡು ಬಿದ್ರ ಬಾಯಾಗ ನೀರು ಹಾಕವ್ರು ಯಾರು?” ಎಂದಳು ಅವ್ವ.

ಮಧ್ಯಾಹ್ನದ ತನಕ ಅದೇ ಮಾತು. ಕೊನೆಗೆ ಅವ್ವ ಸೋತು ಬುತ್ತಿ ಕಟ್ಟಿದಳು. ನನ್ನನ್ನೂ ಕಳಿಸಿರೆಂದು ನಾನು ನೆಲಕ್ಕೆ ಬಿದ್ದು ಅತ್ತೆ.

ಅಕ್ಕನಿಗೆ ಹುಬ್ಬಳ್ಳಿಯಲ್ಲೇ ವಾಂತಿ ಶುರುವಾಯಿತು. ದವಾಖಾನೆಗೆ ಒಯ್ಯುವುದು ಬಿಟ್ಟು, ಗಾಬರಿಬಿದ್ದ ಮಾವ ಅವಳನ್ನು ಊರಿಗೇ ಕರೆತಂದ. ಅಷ್ಟರಲ್ಲಿ ತೋರಣ ಕಟ್ಟಿಯಾಗಿತ್ತು. ಹಿರಿಯರು ಒಳಗೆ ಬಿಡಲಿಲ್ಲ. ಗಡಿಯಾಚೆಯ ಹೊಲದ ಗುಡಿಸಲಿನಲ್ಲಿ ಮಲಗಿಸಿದರು. ಅಪ್ಪ ತೋರಣದ ಈಚೆಯೇ ಕೂತ. ಅವ್ವ ನೀರಿನ ಕೊಡ ಹೊತ್ತು ಹೊರಟಳು.

“ದಾಟಿದ್ರ ಹೊಳ್ಳಿ ಒಳಗ ಬಿಡಂಗಿಲ್ಲ, ತಂಗಿ,” ಎಂದರು ಗೌಡರು.

“ಬರಂಗಿಲ್ಲ ತಗೋರಿ.”

ಸರಕಾರಿ ಜೀಪು ಬ್ಲೀಚಿಂಗ್ ಪುಡಿ ಹೊತ್ತು ಬರುವಷ್ಟರಲ್ಲಿ ಅಕ್ಕ ಹೋಗಿಬಿಟ್ಟಿದ್ದಳು. ಆ ಪುಡಿಯನ್ನು ಗುಡಿಸಲ ಸುತ್ತಲೂ ಚೆಲ್ಲಿದರು.

ವಾರಗಳು ಮುಗಿದು ತೋರಣ ಬಿಚ್ಚಿದ ಮೇಲೆ ಮನೆಗೆ ಬಂದ ಅವ್ವ ನನ್ನನ್ನು ಏಳನೆಯ ಇಯತ್ತೆಯಾಚೆ ಓದಲು ಎಲ್ಲಿಗೂ ಕಳಿಸಲಿಲ್ಲ. ನಾನು ಅತ್ತೆ, ಜಗಳಾಡಿದೆ, ಉಪವಾಸ ಬಿದ್ದೆ. ಮದುವೆಯನ್ನೂ ಊರೊಳಗೇ ಮಾಡಿದಳು. ಈ ಬರಹದಲ್ಲಿ ತಪ್ಪಿದ್ದರೆ ಅವಳನ್ನೇ ಕೇಳಿರಿ.

ಹಾಸಿಗೆ ಹಿಡಿದಿರುವ ಅವ್ವ ಮೊನ್ನೆ ಇದ್ದಕ್ಕಿದ್ದಂತೆ, “ನಿನ್ನ ಸಾಲಿಗೆ ಕಳಸಬೇಕಾಗಿತ್ತು ಬೇ. ಹೋಗು, ಇನ್ನ ನಾ ತಡಿಯಂಗಿಲ್ಲ,” ಎಂದಳು.

ತಲೆ ನರೆತವಳಿಗೆ ಇನ್ನು ಯಾವ ಶಾಲೆ? ಇದೊಂದು ಮಾತಿಗಾಗಿ ಇಷ್ಟು ವರ್ಷ ಕಾದಿದ್ದೆ. ಈಗ ಕೇಳಿ ದುಃಖವೇ ಆಯಿತು. ಆದರೂ ಅವಳ ಸಮಾಧಾನಕ್ಕೆಂದು, “ಹೂಂ ಬೇ, ನಾಳಿ ಹೋಗ್ತೀನಿ,” ಎಂದೆ.

ಅವ್ವನ ಮುಖ ಬಿಳಿಚಿಕೊಂಡಿತು. ಎರಡೂ ಕೈಯಿಂದ ನನ್ನ ಸೆರಗು ಹಿಡಿದುಕೊಂಡಳು. ನಿದ್ದೆ ಹತ್ತಿದ ಮೇಲೂ ಬಿಡಲಿಲ್ಲ.